ಘಟಪ್ರಭೆಯ ಹಿನ್ನೀರಿಗೆ ಒಂದು ನಿಧಾನದ ದೋಣಿ ಬೇಕು

ರಾಜ್ಯ ಪ್ರವಾಸೋದ್ಯಮ ಇಲಾಖೆಗೆ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲಾಡಳಿತಗಳಿಗೆ, ಕೃಷ್ಣಾ ಭಾಗ್ಯ ಜಲ ನಿಗಮದ ಅಧಿಕಾರಿಗಳಿಗೆ ಹಾಗೂ ಹಿನ್ನೀರಿನ ದಂಡೆಯ ಎಲ್ಲ ಊರುಗಳ ಜನರಿಗೆ,

ಮಾನ್ಯರೇ,

ಹಳೆ ಬಾಗಲಕೋಟೆಯ ಹೊಳೆದಂಡೆಯಿಂದ ಬೆಳಿಗ್ಗೆ ಹೊರಟು, ಘಟಪ್ರಭೆಯ ಹಿನ್ನೀರಿನಲ್ಲಿ ಅವಸರವಿಲ್ಲದೆ ಸಾಗಿ, ಚಿಕ್ಕಸಂಗಮದ ಕಡೆ ಒಂದು ಸುತ್ತು ಹಾಕಿ, ಹೊತ್ತು ಇಳಿಯುವ ಮುನ್ನ ದಂಡೆಗೆ ಮರಳುವ ಒಂದು ಪ್ರಯಾಣಿಕ ದೋಣಿಯನ್ನು ಆರಂಭಿಸಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ವೇಗದ ಬೋಟು ಬೇಡ. ನೀರು ಸೀಳಿಕೊಂಡು ಓಡುವ ಸ್ಕೂಟರ್, ತೇಲುವ ಹೋಟೆಲ್, ಬಣ್ಣದ ದೀಪ ಇವು ಯಾವುವೂ ಬೇಡ. ನೆರಳಿಗೆ ಚಾವಣಿ, ಸುತ್ತ ಗಟ್ಟಿ ಕಟಾಂಜನ, ಕೂರಲು ಬೆಂಚು, ಪ್ರತಿಯೊಬ್ಬರಿಗೂ ಜೀವರಕ್ಷಕ ಜಾಕೆಟ್, ಜೊತೆಗೆ ಈ ಹೊಳೆಯನ್ನು ಬಲ್ಲ ಒಬ್ಬ ಮನುಷ್ಯ. ಇಷ್ಟಿದ್ದರೆ ಸಾಕು.

ನಾನು ಹುಟ್ಟಿ ಬೆಳೆದದ್ದು ಹಳೆ ಬಾಗಲಕೋಟೆಯಲ್ಲಿ, ಹೊಳೆಗೆ ಹತ್ತಿರದ ಓಣಿಯಲ್ಲಿ. ಈಗ ಮುಳುಗಡೆಯವರಿಗಾಗಿ ಕಟ್ಟಿದ ನವನಗರದ ಒಂದು ಸೆಕ್ಟರಿನಲ್ಲಿ ಇದ್ದೇನೆ. 1964ರ ಮೇ ತಿಂಗಳಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಕೃಷ್ಣೆಯ ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. ಘಟಪ್ರಭೆಯ ಈ ಹಿನ್ನೀರು ಆ ಅಣೆಕಟ್ಟಿನದೇ. ಅವರ ಹೆಸರನ್ನೇ ಹೊತ್ತ ಜಲಾಶಯದಲ್ಲಿ ಇಂದು 519.60 ಮೀಟರ್ ಮಟ್ಟದವರೆಗೆ, ಸುಮಾರು 123 ಟಿಎಂಸಿ ನೀರು ನಿಲ್ಲುತ್ತದೆ. ಆ ನೀರಿಗಾಗಿ ನಮ್ಮ ಪಟ್ಟಣದ ಒಂದು ಭಾಗ ಹೋಯಿತು, ನೂರಕ್ಕೂ ಹೆಚ್ಚು ಹಳ್ಳಿಗಳು ಎದ್ದು ಬೇರೆ ಕಡೆ ಕೂತವು. ಕಾಲುವೆ ಹರಿದ ಕಡೆ ಹೊಲಗಳು ಹಸಿರಾದವು. ಅದನ್ನು ಕಂಡು ನನಗೆ ನಿಜವಾದ ಸಂತೋಷವಿದೆ. ಆದರೆ ಇಷ್ಟೆಲ್ಲ ಕೊಟ್ಟು ಪಡೆದ ಆ ನೀರನ್ನು ಮುಳುಗಡೆಯ ಜನ ನೋಡುವುದು ಎಲ್ಲಿಂದ? ಅನಗವಾಡಿ ಸೇತುವೆ ದಾಟುವಾಗ ಬಸ್ಸಿನ ಕಿಟಕಿಯಿಂದ. ಕೊರ್ತಿ-ಕೊಲ್ಹಾರದ ಸುಮಾರು ಮೂರು ಕಿಲೋಮೀಟರ್ ಉದ್ದದ ಸೇತುವೆಯ ಮೇಲೆ, ಹಿಂದಿನ ಲಾರಿಯ ಹಾರ್ನ್ ಕೇಳುತ್ತ. ಕೊಲ್ಹಾರದಲ್ಲಿ ಇಳಿದು ಗಡಿಗೆಯ ಮೊಸರು ಕೊಂಡು ಮತ್ತೆ ಬಸ್ಸು ಹತ್ತಿದರೆ ಕೃಷ್ಣೆಯ ದರ್ಶನ ಮುಗಿಯಿತು. ಆಲಮಟ್ಟಿಯ ಉದ್ಯಾನಗಳು ಚೆನ್ನಾಗಿವೆ, ಸಂಗೀತ ಕಾರಂಜಿಗೆ ಮಕ್ಕಳು ಕುಣಿಯುತ್ತಾರೆ. ಆದರೆ ಉದ್ಯಾನದ ವಿಹಾರ ಬೇರೆ, ಹೊಳೆಯ ಮೇಲಿನ ಪಯಣ ಬೇರೆ.

ಈ ಮಾತನ್ನು ಇಷ್ಟು ಖಚಿತವಾಗಿ ಹೇಳುವ ಧೈರ್ಯ ನನಗೆ ಬಂದದ್ದು ಆಸ್ಟ್ರೇಲಿಯಾದ ಮರ್ರೆ ನದಿಯ ಮೇಲೆ. ಮಗಳು ಅಳಿಯ ಅಡಿಲೇಡ್ ನಗರದಲ್ಲಿದ್ದಾರೆ. ಅಲ್ಲಿಗೆ ಹೋಗಿದ್ದಾಗ ನಮ್ಮನ್ನು ಗೂಲ್ವಾ ಎಂಬ ಸಣ್ಣ ಊರಿಗೆ ಕರೆದೊಯ್ದು ಒಂದು ದೋಣಿ ಹತ್ತಿಸಿದರು. ಗೂಲ್ವಾ ಹತ್ತೊಂಬತ್ತನೆಯ ಶತಮಾನದಲ್ಲಿ ದೊಡ್ಡ ನದೀಬಂದರು. 1853ರಲ್ಲಿ ಮರ್ರೆಯ ಮೇಲೆ ಉಗಿದೋಣಿಗಳ ಸಂಚಾರ ಶುರುವಾದ ಮೇಲೆ ಒಳನಾಡಿನ ಉಣ್ಣೆಯೆಲ್ಲ ಅಲ್ಲಿಗೆ ಬಂದು ಇಳಿಯುತ್ತಿತ್ತು. ಮರುವರ್ಷವೇ ಅಲ್ಲಿಂದ ಸಮುದ್ರದ ಬಂದರಿಗೆ ಕುದುರೆ ಎಳೆಯುವ ರೈಲು ಬಂತು. ಈಗ ಆ ವ್ಯಾಪಾರವೇನೂ ಉಳಿದಿಲ್ಲ. ಉಳಿದಿರುವುದು ಹಳೆಯ ಕಟ್ಟೆ, ಅಗಲವಾದ ನೀರು ಮತ್ತು ನಿಧಾನದ ದೋಣಿಗಳು.

ಆ ದೋಣಿ ಎಷ್ಟು ನಿಧಾನ ಎಂದರೆ ದಂಡೆಯ ಜೊಂಡಿನಲ್ಲಿ ನಿಂತ ಕೊಕ್ಕರೆ ನಮ್ಮನ್ನು ಕಂಡು ಹಾರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಅಡ್ಡಲಾಗಿ ಒಂದು ತಡೆಗೋಡೆ ಬಂತು. ನಮ್ಮ ಹಿಪ್ಪರಗಿ ಬ್ಯಾರೇಜನ್ನು ಕಂಡವರಿಗೆ ಅದು ಹೊಸದಲ್ಲ, ಆದರೆ ಅದರ ಕೆಲಸ ಬೇರೆ. ಸಮುದ್ರದ ಉಪ್ಪುನೀರು ಹೊಳೆಯೊಳಕ್ಕೆ ಏರದಂತೆ ತಡೆಯಲು 1940ರ ಹೊತ್ತಿಗೆ ಅಲ್ಲಿ ಇಂಥ ಐದು ಬ್ಯಾರೇಜುಗಳನ್ನು ಕಟ್ಟಿ ಮುಗಿಸಿದರು. ಗೂಲ್ವಾದ ಬ್ಯಾರೇಜಿನಲ್ಲಿ ದೋಣಿ ದಾಟಲೆಂದೇ ಒಂದು ಕಿರುಕಾಲುವೆ, ಅದರ ಎರಡು ತುದಿಗೂ ಗೇಟು. ದೋಣಿ ಒಳಗೆ ಹೋಯಿತು, ಹಿಂದಿನ ಗೇಟು ಮುಚ್ಚಿತು. ನೀರಿನ ಮಟ್ಟ ಆಚೆ ಬದಿಗೆ ಸರಿಯಾಗುವವರೆಗೆ ಕಾಯುತ್ತ ನಿಂತೆವು. ಪಕ್ಕದ ಕಾಂಕ್ರೀಟ್ ಗೋಡೆಯ ಮೇಲೆ ಒದ್ದೆ ಗೆರೆ ಮೆಲ್ಲಗೆ ಬಯಲಾಗುತ್ತ ಬಂತು. ಮುಂದಿನ ಗೇಟು ತೆರೆಯಿತು. ಹಿಂದೆ ಬಿಟ್ಟು ಬಂದ ನೀರು ಸಿಹಿ, ಮುಂದಿನದು ಉಪ್ಪು. ಜಲಾಶಯ, ಗೇಟು, ಮಟ್ಟ ಎಂಬ ಮಾತುಗಳನ್ನು ಜೀವಮಾನವಿಡೀ ಕೇಳಿದ್ದೇನೆ. ಅವುಗಳ ನಡುವೆ ಕೂತು, ಕೈಗೆಟುಕುವಷ್ಟು ಹತ್ತಿರದಿಂದ ನೋಡಿದ್ದು ಅಂದೇ.

ಬ್ಯಾರೇಜು ದಾಟಿದ ಮೇಲೆ ಮರಳಿನ ದಿಬ್ಬಗಳು ಶುರುವಾದವು. ಅಲ್ಲಿ ಹೊಳೆ ನೇರವಾಗಿ ಸಮುದ್ರಕ್ಕೆ ಬೀಳುವುದಿಲ್ಲ. ಸಮುದ್ರಕ್ಕೂ ಒಳನೀರಿಗೂ ನಡುವೆ ಕೆಲವು ಸಾವಿರ ವರ್ಷಗಳಲ್ಲಿ ಅಲೆ ಮತ್ತು ಗಾಳಿ ಸೇರಿ ಕಟ್ಟಿದ ಮರಳಿನ ಉದ್ದನೆಯ ಏರಿ ಇದೆ. ಅದಕ್ಕೆ ಯಂಗ್‌ಹಸ್ಬೆಂಡ್ ಪರ್ಯಾಯ ದ್ವೀಪ ಎಂದು ಹೆಸರು. ಅದರ ಒಳಮಗ್ಗುಲಲ್ಲಿ ನೂರು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಚಾಚಿದ ಕಿರಿದಾದ ಹಿನ್ನೀರೇ ಕೂರಾಂಗ್. ದೋಣಿ ಈ ದಿಬ್ಬಗಳ ಮಗ್ಗುಲಲ್ಲೇ ಸಾಗುತ್ತದೆ. ದೂರದಿಂದ ಒಂದೇ ಬಣ್ಣ ಕಾಣುವ ಮರಳು ಹತ್ತಿರ ಬಂದಂತೆ ಬದಲಾಗುತ್ತದೆ: ನೆತ್ತಿಯ ಮೇಲೆ ಬಿಳಿ, ಗಾಳಿ ಕೊರೆದ ಮಗ್ಗುಲಲ್ಲಿ ಪದರ ಪದರವಾಗಿ ಕಂದು, ಬುಡದಲ್ಲಿ ಉಪ್ಪುನೀರಿಗೆ ಒಗ್ಗಿದ ಕುರುಚಲು ಹಸಿರು. ಆಚೆ ಬದಿಯ ಸಮುದ್ರ ಕಣ್ಣಿಗೆ ಕಾಣುವುದಿಲ್ಲ, ಮೊರೆತ ಮಾತ್ರ ಕೇಳುತ್ತದೆ. ಈಚೆಗೆ ನೀರು ಅಲುಗದೆ ನಿಂತಿರುತ್ತದೆ. ಹೆಜ್ಜಾರ್ಲೆಗಳ ಹಿಂಡು ಒಂದು ಮರಳುತಿಟ್ಟಿನ ಮೇಲೆ ಕೂತಿತ್ತು. ದೋಣಿಯವರು ಎಂಜಿನ್ ಆರಿಸಿದರು. ಯಾರೂ ಹೇಳದೆಯೇ ಎಲ್ಲರೂ ಮಾತು ನಿಲ್ಲಿಸಿದರು.

ಒಂದು ಕಡೆ ದೋಣಿಯನ್ನು ದಡಕ್ಕೆ ಹಚ್ಚಿ ನಮ್ಮನ್ನು ಇಳಿಸಿದರು. ದಿಬ್ಬದ ಮೇಲೆ ಗುರುತು ಮಾಡಿದ ಹಾದಿಯಲ್ಲೇ ನಡೆಯಬೇಕು. ಹಾದಿ ಬಿಟ್ಟು ಎಲ್ಲೆಂದರಲ್ಲಿ ಕಾಲಿಟ್ಟರೆ ಮರಳನ್ನು ಹಿಡಿದಿಟ್ಟ ಹುಲ್ಲು ಬಳ್ಳಿ ಸಾಯುತ್ತವೆ, ಅವು ಸತ್ತರೆ ಗಾಳಿ ದಿಬ್ಬವನ್ನೇ ಎತ್ತಿಕೊಂಡು ಹೋಗುತ್ತದೆ ಎಂದು ಮಾರ್ಗದರ್ಶಿ ಹೇಳಿದರು. ದಪ್ಪನೆಯ ಮೂರು ಮೂಲೆಯ ಎಲೆಯ ಒಂದು ಬಳ್ಳಿಯನ್ನು ತೋರಿಸಿ, ಎಲೆ ಮುರಿದು ರುಚಿ ನೋಡಲು ಕೊಟ್ಟರು. ಉಪ್ಪಾದ ರಸ ನಾಲಗೆಗೆ ತಗುಲಿತು. ಆ ನೆಲದ ಮೂಲನಿವಾಸಿಗಳಾದ ನರಿಂಜೆರಿ ಜನ ಅದರ ಹಣ್ಣನ್ನು ತಲೆತಲಾಂತರದಿಂದ ತಿನ್ನುತ್ತ ಬಂದವರು. ದಿಬ್ಬದ ತಗ್ಗಿನಲ್ಲಿ ಒಂದು ಕಡೆ ಬಿಳಿ ಚಿಪ್ಪುಗಳ ರಾಶಿ ಬಯಲಾಗಿತ್ತು. ಸಮುದ್ರ ತಂದು ಹಾಕಿದ್ದಲ್ಲ ಅದು. ಆ ಜನ ಸಾವಿರಾರು ವರ್ಷ ಅಲ್ಲಿ ಒಲೆ ಹೂಡಿ ಚಿಪ್ಪುಮೀನು ಬೇಯಿಸಿ ತಿಂದು ಬಿಟ್ಟ ಗುರುತು. ಅದರ ಮೇಲೆ ಕಾಲಿಡಬಾರದು, ಒಂದು ಚಿಪ್ಪನ್ನೂ ಎತ್ತಬಾರದು. ಅದನ್ನು ಹೇಳುವಾಗ ಆ ಮಾರ್ಗದರ್ಶಿಯ ದನಿ ಗುಡಿಯ ಗರ್ಭಗೃಹದ ಮುಂದೆ ನಿಂತವರ ದನಿಯಂತೆ ತಗ್ಗಿತ್ತು. ದಿಬ್ಬ ದಾಟಿ ಸಮುದ್ರದ ಬದಿಗೆ ಇಳಿದಾಗ ಅಲ್ಲಿಯ ಜನ ಅಲೆ ಹಿಂದೆ ಸರಿದ ಒದ್ದೆ ಮರಳಿನಲ್ಲಿ ನಿಂತು ಹಿಮ್ಮಡಿಯನ್ನು ಅತ್ತಿತ್ತ ತಿರುಗಿಸುತ್ತಿದ್ದರು. ನನ್ನ ಹೆಂಡತಿಯೂ ಸೀರೆಯ ನೆರಿಗೆ ಎತ್ತಿ ಹಾಗೆಯೇ ಮಾಡಿದಳು. ಅಂಗಾಲಿನ ಕೆಳಗೆ ಗಟ್ಟಿಯಾದದ್ದೊಂದು ತಗುಲಿತು. ಬಗ್ಗಿ ತೆಗೆದರೆ ಮುಚ್ಚಿದ ಬಾಯಿಯ ಜೀವಂತ ಚಿಪ್ಪು. ನೋಡಿ ಮತ್ತೆ ಮರಳಿನಲ್ಲಿ ಬಿಟ್ಟಳು.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ನದಿಯ ಬಾಯಿ. 2,508 ಕಿಲೋಮೀಟರ್ ಹರಿದು ಬಂದ, ಹತ್ತು ಲಕ್ಷ ಚದರ ಕಿಲೋಮೀಟರಿಗೂ ಮಿಕ್ಕ ಸೀಮೆಯ ನೀರನ್ನು ಹೊತ್ತು ತರಬೇಕಾದ ನದಿ ಸಮುದ್ರಕ್ಕೆ ಸೇರುವ ಜಾಗ ಅದು. ಎರಡು ಮರಳ ಏರಿಗಳ ನಡುವಿನ ಒಂದು ಸಂದು, ಅಷ್ಟೇ. ಆ ಸಂದೂ ತಾನಾಗಿ ತೆರೆದು ನಿಲ್ಲುವುದಿಲ್ಲ. ಮೇಲಿನ ರಾಜ್ಯಗಳು ನೀರಾವರಿಗೆ ನೀರು ತೆಗೆದಂತೆ ಹೊಳೆಯ ನೂಕು ಕಡಿಮೆಯಾಗುತ್ತದೆ, ಸಮುದ್ರ ತಂದು ಒಡ್ಡುವ ಮರಳನ್ನು ಹೊರದಬ್ಬಲು ಬಲ ಸಾಲುವುದಿಲ್ಲ. 1981ರಲ್ಲಿ ಆ ಬಾಯಿ ಪೂರ್ತಿ ಮುಚ್ಚಿಹೋಯಿತು. ದೀರ್ಘ ಬರಗಾಲದಲ್ಲಿ, 2002ರಿಂದ, ಹೂಳೆತ್ತುವ ಯಂತ್ರಗಳನ್ನು ತಂದು ನಿಲ್ಲಿಸಿ ಬಾಯಿ ತೆರೆದಿಡಬೇಕಾಯಿತು. ಮುಂದೆ ಮಳೆ ಬಂದು ಬಿಡುವು ಸಿಕ್ಕರೂ ಮತ್ತೆ ಆ ಯಂತ್ರಗಳನ್ನು ಕರೆಸಬೇಕಾಯಿತು. ಬಾಯಿ ಮುಚ್ಚಿದರೆ ಕೂರಾಂಗ್ ಕೆಡುತ್ತದೆ: ಅದರ ದಕ್ಷಿಣದ ತುದಿಯಲ್ಲಿ ಬಿಸಿಲಿಗೆ ನೀರು ಆರಿ ಆರಿ ಸಮುದ್ರಕ್ಕಿಂತಲೂ ಹೆಚ್ಚು ಉಪ್ಪಾಗಿದೆ. ಸೈಬೀರಿಯಾದ ಕಡೆಯಿಂದ ಹಾರಿ ಬರುವ ಸಣ್ಣ ಉಲ್ಲಂಕಿ ಹಕ್ಕಿಗಳು ಆಹಾರಕ್ಕೆ ನೆಚ್ಚಿರುವುದು ಆ ಕೆಸರನ್ನೇ. 1985ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ ಜಾಗ ಅದು.

ದೋಣಿಯಲ್ಲಿದ್ದ ಮಾರ್ಗದರ್ಶಿ ಇದನ್ನೆಲ್ಲ ಭಾಷಣದಂತೆ ಹೇಳಲಿಲ್ಲ. ಮರಳನ್ನು ತೋರಿಸಿದರು, ಸಂದನ್ನು ತೋರಿಸಿದರು, ಯಾವ ಯಾವ ರಾಜ್ಯ ಈ ನೀರನ್ನು ಹಂಚಿಕೊಳ್ಳುತ್ತದೆ ಎಂದು ಬೆರಳು ಮಡಚಿ ಎಣಿಸಿದರು. ದಕ್ಷಿಣ ಆಸ್ಟ್ರೇಲಿಯಾ ಕೊನೆಯಲ್ಲಿದೆ, ಕೊನೆಯಲ್ಲಿದ್ದವರಿಗೆ ಉಳಿದದ್ದು ಸಿಗುತ್ತದೆ ಎಂದರು. ಪಕ್ಕದಲ್ಲಿ ಕೂತಿದ್ದ ಹತ್ತು ಹನ್ನೆರಡರ ಹುಡುಗನೊಬ್ಬ ಹಾಗಾದರೆ ಮೇಲಿನವರು ಕಡಿಮೆ ತೆಗೆದುಕೊಂಡರೆ ಆಗದೇ ಎಂದು ಕೇಳಿದ. ಒಂದು ಮಗು ನದೀ ವಿವಾದದ ತಿರುಳಿಗೆ ಹಾಗೆ ನೇರವಾಗಿ ಕೈ ಹಾಕಿದ್ದನ್ನು ಕಂಡು ನನ್ನ ಎದೆ ತುಂಬಿ ಬಂತು.

ನಮ್ಮ ಮಕ್ಕಳಿಗೆ ಈ ಅವಕಾಶ ಎಲ್ಲಿದೆ? ಮಹಾಬಲೇಶ್ವರದಲ್ಲಿ ಹುಟ್ಟಿ ಹಂಸಲದೀವಿಯಲ್ಲಿ ಬಂಗಾಳ ಕೊಲ್ಲಿ ಸೇರುವವರೆಗೆ ಕೃಷ್ಣೆ ಸುಮಾರು 1,400 ಕಿಲೋಮೀಟರ್ ಹರಿಯುತ್ತದೆ. ಮಹಾರಾಷ್ಟ್ರ, ಕರ್ನಾಟಕ, ತೆಲಂಗಾಣ, ಆಂಧ್ರ ನಾಲ್ಕೂ ಅದರ ಪಾಲುದಾರರು. ಈ ನೀರಿನ ಹಂಚಿಕೆಯ ಜಗಳ ಬಿಡಿಸಲು ನೇಮಿಸಿದ ಎರಡನೆಯ ನ್ಯಾಯಮಂಡಳಿ 2010ರಲ್ಲಿ ತೀರ್ಪು ಕೊಟ್ಟು ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿತು. ಜಗಳ ಇನ್ನೂ ಮುಗಿದಿಲ್ಲ. ಬಾಗಲಕೋಟೆಯ ಶಾಲೆಯ ಮಗು ಟಿಎಂಸಿ ಎಂಬ ಮಾತನ್ನು ಟಿವಿಯಲ್ಲಿ ದಿನವೂ ಕೇಳುತ್ತದೆ. ಆ ಅಂಕಿ ನೀರಿನ ಮೇಲೆ ಎಷ್ಟು ಅಗಲ, ಎಷ್ಟು ಆಳ, ಯಾರ ಮನೆಯ ಮೇಲೆ ನಿಂತಿದೆ ಎಂಬುದನ್ನು ಮಾತ್ರ ಅದು ಎಂದೂ ಕಂಡಿಲ್ಲ. ಐದು ಮೀಟರ್‌ಗೆ ಹತ್ತಿರದ ಏರಿಕೆ ಎಂದರೆ ಏನು ಎಂದು ದೋಣಿಯ ಕಟಾಂಜನಕ್ಕೆ ಒರಗಿ ನಿಂತು ದಂಡೆಯ ಕಡೆ ನೋಡಿದವರಿಗೆ ಮತ್ತೆ ಯಾರೂ ವಿವರಿಸಬೇಕಾಗುವುದಿಲ್ಲ. ಅಲ್ಲಿ ಕಾಣುವ ಕಬ್ಬಿನ ಹೊಲ, ಆ ಹೊಲದಾಚೆಯ ಮನೆ, ಮನೆಯ ಮುಂದಿನ ಬೇವಿನ ಮರ ಎಲ್ಲ ಆ ಲೆಕ್ಕದೊಳಗೇ ಇವೆ.

ಹಿನ್ನೀರಿನಲ್ಲಿ ತೋರಿಸಲು ಏನಿದೆ ಎಂದು ಕೇಳುವವರಿದ್ದಾರೆ. ಕಡಲಿಲ್ಲ, ಮರಳುದಿಬ್ಬಗಳಿಲ್ಲ ನಿಜ. ಚಳಿಗಾಲದಲ್ಲಿ ಅನಗವಾಡಿ, ಹೆರಕಲ್ ಕಡೆ ಬೆಳಗಿನ ಹೊತ್ತು ಹೋಗಿ ನಿಂತು ನೋಡಿ. ನೀರು ಸರಿದ ಕೆಸರಿನ ಅಂಚಿನಲ್ಲಿ ರಾಜಹಂಸಗಳು ತಲೆಕೆಳಗೆ ಮಾಡಿ ಮೇಯುತ್ತಿರುತ್ತವೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಹಗಲು ನೀರಿನಲ್ಲಿ ತಂಗುತ್ತವೆ. ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆ ಇದೇ ಹೆಬ್ಬಾತುಗಳಿಂದ ಹೆಸರು ಮಾಡಿ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಆಚೆ ದಂಡೆಯಲ್ಲಿ ಕಪ್ಪು ಎರೆಯ ಹೊಲ, ಈಚೆಗೆ ಕೆಂಪು ಮಡ್ಡಿ. ಘಟಪ್ರಭೆ ಕೃಷ್ಣೆಯನ್ನು ಕೂಡುವ ಚಿಕ್ಕಸಂಗಮದ ಬಯಲಿನಲ್ಲಿ ಜಲಾಶಯ ತುಂಬಿದಾಗ ಯಾವ ನೀರು ಯಾವ ಹೊಳೆಯದು ಎಂದು ತಿಳಿಯದಷ್ಟು ವಿಸ್ತಾರ. ಇನ್ನು ಬಾದಾಮಿ, ಐಹೊಳೆ, ಪಟ್ಟದಕಲ್ಲು ನೋಡಲು ಬರುವವರು ಲಕ್ಷಗಟ್ಟಲೆ. ಅವರು ಮಲಪ್ರಭೆಯ ದಂಡೆಯ ಗುಡಿಗಳನ್ನು ನೋಡಿ, ಕೂಡಲಸಂಗಮದಲ್ಲಿ ಐಕ್ಯಮಂಟಪಕ್ಕೆ ಇಳಿದು ನಮಸ್ಕರಿಸಿ ನೇರ ವಿಜಯಪುರಕ್ಕೆ ಹೋಗುತ್ತಾರೆ. ಬಾಗಲಕೋಟೆ ಅವರಿಗೆ ಊಟಕ್ಕೆ ನಿಲ್ಲುವ ಊರು.

ಎಲ್ಲಕ್ಕಿಂತ ದೊಡ್ಡದು ನೀರಿನ ಕೆಳಗಿದೆ. ಒಮ್ಮೆ ಮೀನುಗಾರ ಯುವಕನೊಬ್ಬನ ಹರಿಗೋಲಿನಲ್ಲಿ ದಂಡೆಯ ಹತ್ತಿರ ಸ್ವಲ್ಪ ದೂರ ಹೋಗಿದ್ದೆ. ಬಲೆಯ ಹಗ್ಗ ಎಳೆಯುತ್ತಿದ್ದವನು ಕೈ ನಿಲ್ಲಿಸಿ, “ಕಾಕಾ, ಇಲ್ಲೇ ಕೆಳಗೆ ನಮ್ಮ ಅಜ್ಜನ ಊರಿನ ಹನುಮಪ್ಪನ ಗುಡಿ ಇದೆ. ಬೇಸಿಗೆಯಲ್ಲಿ ನೀರು ಇಳಿದರೆ ಕಟ್ಟೆ ಕಾಣುತ್ತದೆ. ಬಲೆ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ” ಎಂದ. ಅವನು ಆ ಊರಿನಲ್ಲಿ ಒಂದು ದಿನವೂ ವಾಸಿಸಿದವನಲ್ಲ. ಆದರೂ ಗುಡಿ ಎಲ್ಲಿ, ಅಗಸಿ ಎಲ್ಲಿ, ಬಾವಿ ಎಲ್ಲಿ ಎಂದು ಹರಿಗೋಲು ಸರಿದಂತೆ ತೋರಿಸುತ್ತ ಹೋದ. ಬಲೆ ಹರಿಯದಂತೆ ಹಾಕಲು ಕಲಿತ ಆ ತಿಳಿವಳಿಕೆ ಯಾವ ನಕ್ಷೆಯಲ್ಲೂ ಇಲ್ಲ. ನಾನು ಕೇಳುವ ದೋಣಿಯಲ್ಲಿ ನಿಂತು ಮಾತನಾಡಬೇಕಾದವನು ಅವನು. ದೂರದ ಊರಿನಿಂದ ಗುತ್ತಿಗೆ ಹಿಡಿದು ಬಂದು, ಕೊಟ್ಟ ಕಾಗದ ಓದಿ ಹೇಳುವವರಿಂದ ಈ ಕೆಲಸ ಆಗದು. ದೋಣಿಯನ್ನು ನಡೆಸುವ ಹಕ್ಕು ಮೊದಲು ಮುಳುಗಡೆ ಸಂತ್ರಸ್ತರ ಮತ್ತು ಮೀನುಗಾರರ ಸಹಕಾರ ಸಂಘಗಳಿಗೆ ಸಿಗಬೇಕು. ಅವರಿಗೆ ತರಬೇತಿ ಬೇಕು, ಬಂಡವಾಳಕ್ಕೆ ಸಹಾಯ ಬೇಕು, ಕೊಡಿ.

ಸುರಕ್ಷತೆಯ ವಿಷಯದಲ್ಲಿ ನಾನು ಒಂದಿಷ್ಟೂ ರಾಜಿಯಾಗಲಾರೆ. ದೋಣಿವಿಹಾರ ಎಂದರೆ ನಮ್ಮ ದೇಶದಲ್ಲಿ ಎದೆ ನಡುಗುವ ನೆನಪುಗಳಿವೆ. 2009ರಲ್ಲಿ ತೇಕ್ಕಡಿಯಲ್ಲಿ ಪ್ರವಾಸಿಗರು ಒಂದೇ ಬದಿಗೆ ಸರಿದಾಗ ದೋಣಿ ಮಗುಚಿ 45 ಜನ ಸತ್ತರು. 2019ರ ಜನವರಿಯಲ್ಲಿ ಕಾರವಾರದ ಹತ್ತಿರ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮುಳುಗಿತು. ಸತ್ತವರಲ್ಲಿ ನಮ್ಮ ಉತ್ತರ ಕರ್ನಾಟಕದ ಕುಟುಂಬದವರೂ ಇದ್ದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಗೋದಾವರಿ ತುಂಬಿ ಹರಿಯುತ್ತಿದ್ದಾಗ ಪಾಪಿಕೊಂಡಲು ನೋಡಲು ಹೊರಟ ದೋಣಿ ಮಗುಚಿತು. 2023ರ ಮೇ ತಿಂಗಳಲ್ಲಿ ಕೇರಳದ ತಾನೂರಿನಲ್ಲಿ ಮೀನು ಹಿಡಿಯುವ ದೋಣಿಯನ್ನೇ ಪ್ರವಾಸಿ ದೋಣಿಯಾಗಿ ಮಾಡಿ, ಹಿಡಿಸಲಾರದಷ್ಟು ಜನರನ್ನು ತುಂಬಿ, ಮಕ್ಕಳೂ ಸೇರಿ 22 ಜೀವ ಹೋದವು. ಒಂದೊಂದನ್ನೂ ತಡೆಯಬಹುದಿತ್ತು. ಹೆಚ್ಚು ಜನ, ತಪ್ಪು ದೋಣಿ, ತಪ್ಪು ಹೊತ್ತು, ತೊಡದೆ ಬಿಟ್ಟ ಜಾಕೆಟ್. 2021ರ ಒಳನಾಡು ಹಡಗುಗಳ ಕಾಯ್ದೆ ನೋಂದಣಿ, ತಪಾಸಣೆ, ಸಿಬ್ಬಂದಿಯ ಅರ್ಹತೆ ಎಲ್ಲವನ್ನೂ ವಿಧಿಸಿದೆ. ಅದು ಕಾಗದದ ಮೇಲೆ ಉಳಿಯುವುದಾದರೆ ಈ ದೋಣಿಯೇ ಬೇಡ. ಎಷ್ಟು ಜನ ಹತ್ತಬಹುದು ಎಂಬ ಅಂಕಿ ದೋಣಿಯ ಎರಡೂ ಬದಿಗೆ ದೊಡ್ಡ ಕನ್ನಡ ಅಕ್ಷರಗಳಲ್ಲಿ ಇರಲಿ. ಜಾಕೆಟ್ ಹಾಕಿಕೊಳ್ಳದವರನ್ನು, ಅವರು ಯಾವ ಸಾಹೇಬರ ಕಡೆಯವರಾದರೂ, ದಂಡೆಯಲ್ಲೇ ಬಿಟ್ಟು ಹೊರಡುವ ಅಧಿಕಾರ ದೋಣಿ ನಡೆಸುವವನಿಗೆ ಇರಲಿ.

ನಮ್ಮ ಹಿನ್ನೀರಿಗೆ ಅದರದೇ ಆದ ಅಪಾಯಗಳೂ ಇವೆ. ಮುಳುಗಿದ ಗೋಡೆ, ಬೋಳು ಮರ, ಹಳೆಯ ಬಾವಿಯ ಕಟ್ಟೆ, ಹೊಳೆಯಿಂದ ನೀರೆತ್ತಲು ಕಟ್ಟಿದ ಜಾಕ್‌ವೆಲ್‌ಗಳು ನೀರು ಇಳಿದಂತೆ ಮೇಲ್ಮಟ್ಟಕ್ಕೆ ಹತ್ತಿರವಾಗುತ್ತವೆ. ಆಳ ಅಳೆದು, ದೋಣಿಯ ಹಾದಿಗೆ ತೇಲುಗುರುತು ಹಾಕದೆ ಒಂದು ದಿನವೂ ಓಡಿಸಬಾರದು. ಮಳೆಗಾಲದಲ್ಲಿ ಹಿಡಕಲ್ ಜಲಾಶಯದಿಂದ, ಮೇಲೆ ಮಹಾರಾಷ್ಟ್ರದಿಂದ ನೀರು ಬಿಟ್ಟರೆ ಹೊಳೆಯ ಸ್ವಭಾವವೇ ಬದಲಾಗುತ್ತದೆ. 2019ರ ಆಗಸ್ಟ್‌ನ ಪ್ರವಾಹವನ್ನು ಮುಧೋಳ, ಜಮಖಂಡಿ, ಬಾದಾಮಿ ಕಡೆಯವರು ಮರೆಯಲಾರರು. ಆದ್ದರಿಂದ ದೋಣಿಗೆ ಕಾಲ ಗೊತ್ತುಮಾಡಿ: ಪ್ರವಾಹ ಇಳಿದು ಜಲಾಶಯ ತುಂಬಿ ನಿಂತ ಮೇಲೆ ಶುರು, ಬೇಸಿಗೆಗೆ ನೀರು ಹಿಂದೆ ಸರಿಯುವಾಗ ಬಂದ್. ಮಟ್ಟ ಏರಿಳಿಯುವ ಜಾಗದಲ್ಲಿ ಕಾಂಕ್ರೀಟಿನ ಮೆಟ್ಟಿಲು ಕಟ್ಟಿ ಹಣ ಹಾಳು ಮಾಡುವುದು ಬೇಡ, ತೇಲುವ ಜೆಟ್ಟಿ ಇರಲಿ. ನಾಳೆ 524 ಮೀಟರಿಗೆ ನೀರು ನಿಲ್ಲಿಸುವ ದಿನ ಬಂದರೆ ಜೆಟ್ಟಿಯನ್ನು ಎಳೆದು ಹೊಸ ದಂಡೆಗೆ ಕಟ್ಟಬಹುದು.

ಎಂಜಿನ್ ಬಗ್ಗೆಯೂ ಒಂದು ಮಾತು. ಕೇರಳದ ವೈಕಂ ಮತ್ತು ತವನಕ್ಕಡವು ನಡುವೆ 2017ರಿಂದ ಸೂರ್ಯಶಕ್ತಿಯಿಂದ ಓಡುವ ‘ಆದಿತ್ಯ’ ಎಂಬ ದೋಣಿ 75 ಜನರನ್ನು ಕೂರಿಸಿಕೊಂಡು ಸಂಚರಿಸುತ್ತಿದೆ. ಹೊಗೆಯಿಲ್ಲ, ಸದ್ದಿಲ್ಲ, ನೀರಿಗೆ ಎಣ್ಣೆ ಬೀಳುವುದಿಲ್ಲ. ಬಾಗಲಕೋಟೆಗೆ ಬಿಸಿಲಿನ ಕೊರತೆಯಂತೂ ಇಲ್ಲ. ಸದ್ದಿಲ್ಲದ ದೋಣಿಗೆ ಹಕ್ಕಿಗಳು ಬೆದರುವುದಿಲ್ಲ, ದೋಣಿಯೊಳಗಿನ ಮಾತು ಎಲ್ಲರಿಗೂ ಕೇಳುತ್ತದೆ. ಹಕ್ಕಿ ಮೇಯುವ ಆಳವಿಲ್ಲದ ಅಂಚಿಗೆ ಎಷ್ಟು ದೂರದಲ್ಲಿ ನಿಲ್ಲಬೇಕು ಎಂಬುದನ್ನು ಅರಣ್ಯ ಇಲಾಖೆ ಮೊದಲೇ ಗೊತ್ತುಮಾಡಲಿ. ಮೀನುಗಾರರು ಬಲೆ ಹಾಕುವ ಜಾಗ ಮತ್ತು ಹೊತ್ತು ಕೇಳಿಕೊಂಡೇ ಹಾದಿ ನಿಶ್ಚಯವಾಗಲಿ. ಒಬ್ಬನ ಬಲೆ ಹರಿದರೆ ಒಂದು ಮನೆಯ ಒಲೆ ಉರಿಯುವುದಿಲ್ಲ.

ಈ ನೀರಿಗೆ ಹೆಸರಿನ ಮಟ್ಟದಲ್ಲಿ ಗೌರವ ಈಗಾಗಲೇ ಸಿಕ್ಕಿದೆ. 2016ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಜಲಮಾರ್ಗಗಳೆಂದು ಪಟ್ಟಿ ಮಾಡಿದ 111ರಲ್ಲಿ ಘಟಪ್ರಭೆ ಮತ್ತು ಮಲಪ್ರಭೆ ಎರಡೂ ಇವೆ. ಸರಕು ಹಡಗು ಇಲ್ಲಿ ಬರುತ್ತದೆ ಎಂದು ನಾನು ನಂಬುವುದಿಲ್ಲ, ಕೇಳುವುದೂ ಇಲ್ಲ. ಆ ಪಟ್ಟಿಯ ಬಲದಿಂದ ಒಂದು ಜೆಟ್ಟಿಗೆ, ಒಂದು ಸರಿಯಾದ ದೋಣಿಗೆ, ಅದರ ತಪಾಸಣೆಗೆ ಹಣ ಕೇಳುವುದು ನಿಮಗೆ ಕಷ್ಟವಾಗಬಾರದು. ಮೊದಲು ಬಾಗಲಕೋಟೆಯಿಂದ ಒಂದೇ ದೋಣಿ ಓಡಲಿ. ಒಂದು ಹಾದಿ ಅನಗವಾಡಿಯ ಕಡೆ, ಇನ್ನೊಂದು ಚಿಕ್ಕಸಂಗಮದ ಕಡೆ. ಕೊಲ್ಹಾರದ ವಿಷಯ ಆಮೇಲೆ ನೋಡೋಣ.

ಟಿಕೆಟ್ ದರ ನಿಗದಿಪಡಿಸುವಾಗ ದಯವಿಟ್ಟು ಒಂದು ಕೂಲಿ ಕುಟುಂಬವನ್ನು ಕಣ್ಣ ಮುಂದೆ ಇಟ್ಟುಕೊಳ್ಳಿ. ಗಂಡ, ಹೆಂಡತಿ, ಎರಡು ಮಕ್ಕಳು, ಒಬ್ಬ ಅಜ್ಜಿ. ಅವರು ಹತ್ತಲಾಗದ ದೋಣಿ ನಮಗೆ ಬೇಡ. ಮುಳುಗಡೆಯ ಮನೆತನಗಳಿಗೆ ವರ್ಷಕ್ಕೊಮ್ಮೆ ಹಣವಿಲ್ಲದೆ ಪ್ರಯಾಣ ಕೊಡಿ. ತಮ್ಮ ಊರಿದ್ದ ಜಾಗದ ಮೇಲೆ ಹೋಗಿ ನಿಂತು ಒಂದು ಹಿಡಿ ಹೂವು ಬಿಡಲು ಅವರು ಯಾರ ಅಪ್ಪಣೆಯನ್ನೂ ಕೇಳುವಂತಾಗಬಾರದು. ಜಿಲ್ಲೆಯ ಎಲ್ಲ ಸರ್ಕಾರಿ ಶಾಲೆಗಳ ಮಕ್ಕಳು ಒಮ್ಮೆಯಾದರೂ ಈ ದೋಣಿ ಹತ್ತುವಂತಾಗಲಿ. ಮೈಸೂರು, ಶ್ರೀರಂಗಪಟ್ಟಣದ ಪ್ರವಾಸಕ್ಕೆ ಹಣ ಹೊಂದಿಸಲಾಗದ ಮಗು ಎಲ್ಲ ತರಗತಿಯಲ್ಲೂ ಇರುತ್ತದೆ. ಅದಕ್ಕೆ ಮನೆಯ ಹತ್ತಿರದ ಹೊಳೆಯಾದರೂ ದಕ್ಕಲಿ.

ಇನ್ನು ನಮ್ಮ ಜನರಿಗೆ ನೇರವಾಗಿ ಹೇಳಬೇಕಾದದ್ದಿದೆ. ದೋಣಿ ಬಂದರೆ ಅದರಲ್ಲಿ ಡಿಜೆ ಹಚ್ಚುವವರು, ಚುರುಮುರಿ ತಿಂದು ಪ್ಲಾಸ್ಟಿಕ್ ಚೀಲವನ್ನು ನೀರಿಗೆ ಎಸೆಯುವವರು, ಸೆಲ್ಫಿಗಾಗಿ ಒಂದೇ ಬದಿಗೆ ನುಗ್ಗುವವರು ನಮ್ಮಲ್ಲೇ ಹುಟ್ಟಿಕೊಳ್ಳುತ್ತಾರೆ. ಅವರನ್ನು ತಡೆಯುವುದು ಪೊಲೀಸರೊಬ್ಬರ ಕೆಲಸವಲ್ಲ, ಪಕ್ಕದಲ್ಲಿ ಕೂತ ನಿಮ್ಮ ನಮ್ಮ ಕೆಲಸ. ಹೋಳಿ ಹಬ್ಬದಲ್ಲಿ ಬಣ್ಣದ ಬಂಡಿ ಹೊರಟಾಗ ಇಡೀ ಬಾಗಲಕೋಟೆ ಒಂದು ಕಟ್ಟಿಗೆ ಒಳಪಟ್ಟು ನಡೆಯುತ್ತದೆ. ಯಾವ ಓಣಿಗೆ ಯಾವ ದಿನ ಎಂಬುದನ್ನು ಯಾರೂ ಮೀರುವುದಿಲ್ಲ. ಅಂಥ ಶಿಸ್ತು ಬಲ್ಲ ಊರಿಗೆ ಒಂದು ದೋಣಿಯನ್ನು ಮಾನದಿಂದ ನಡೆಸಿಕೊಳ್ಳುವುದು ಅಸಾಧ್ಯವಲ್ಲ. ಹಿನ್ನೀರಿನ ದಂಡೆಯಿಂದ ಮಣ್ಣು, ಮರಳು ಎತ್ತುವ ಟ್ರ್ಯಾಕ್ಟರುಗಳೂ ದಿನವೂ ಜನ ಓಡಾಡುವ ಕಡೆ ಬರಲು ಅಂಜುತ್ತವೆ.

ನನ್ನ ಬೇಡಿಕೆ ಇಷ್ಟು. ಈ ಮಳೆಗಾಲ ಮುಗಿಯುವ ಮುನ್ನ ಒಂದು ಸಭೆ ಕರೆಯಿರಿ. ಅದನ್ನು ಜಿಲ್ಲಾಧಿಕಾರಿ ಕಚೇರಿಯ ಸಭಾಂಗಣದಲ್ಲಿ ಮಾಡುವ ಬದಲು ಹಳೆ ಊರಿನಲ್ಲಿ, ಹೊಳೆಗೆ ಹತ್ತಿರದ ಯಾವುದಾದರೂ ಶಾಲೆಯಲ್ಲಿ ಮಾಡಿ. ಮೀನುಗಾರರು, ಅರಣ್ಯ ಇಲಾಖೆಯವರು, ನಿಗಮದ ಎಂಜಿನಿಯರುಗಳು, ಹಕ್ಕಿ ನೋಡುವ ಹವ್ಯಾಸಿಗಳು, ಶಾಲೆಯ ಶಿಕ್ಷಕರು ಬರಲಿ. ಮುಳುಗಿದ ಓಣಿಗಳ ಹಿರಿಯರನ್ನು ಕರೆತರುವ ಹೊಣೆ ನನ್ನದು. ಯಾವ ಮೂಲೆಯಲ್ಲಿ ಯಾರ ಅಂಗಡಿ, ಯಾವ ಕಟ್ಟೆಯ ಮೇಲೆ ಸಂಜೆ ಯಾರು ಕೂರುತ್ತಿದ್ದರು, ಹೊಳೆಗೆ ಇಳಿಯುವ ಮೆಟ್ಟಿಲು ಎಲ್ಲಿತ್ತು ಎಂಬುದನ್ನು ಅವರು ಕೂತಲ್ಲೇ ನೆಲದ ಮೇಲೆ ಗೆರೆ ಎಳೆದು ತೋರಿಸುತ್ತಾರೆ. ದೋಣಿಯಲ್ಲಿ ಹೇಳಬೇಕಾದ ಕಥೆಗೆ ಅದೇ ಮೊದಲ ನಕ್ಷೆ. ಯಾರಾದರೂ ಅದನ್ನು ಕೂತು ಬರೆದುಕೊಳ್ಳಬೇಕು. ಅವರಲ್ಲಿ ಹಲವರಿಗೆ ಎಂಬತ್ತು ದಾಟಿದೆ. ಸಭೆಯ ದಿನಾಂಕವನ್ನು ದಯವಿಟ್ಟು ಮುಂದಕ್ಕೆ ಹಾಕಬೇಡಿ.

ಇಂತಿ ತಮ್ಮ ವಿಶ್ವಾಸಿ,
ಹಳೆ ಬಾಗಲಕೋಟೆಯ ಮುಳುಗಡೆ ಓಣಿಯ ಒಬ್ಬ ನಿವಾಸಿ
ನವನಗರ, ಬಾಗಲಕೋಟೆ